ನವೆಂಬರ್‌ನ ಮಂಗಳವಾರ-ಬುಧವಾರದ ಕಾಲೇಜ್ ಫುಟ್‌ಬಾಲ್: ಈ ವೇಳಾಪಟ್ಟಿ ಕೂಡಿಸೋದು ಹೇಗೆ?

ಕೊನೇ_ಸಾಲು ಕೇಳಿದ್ದು:

ಅಮೆರಿಕದ ಮಿಡ್-ಅಮೆರಿಕನ್ ಕಾನ್ಫರೆನ್ಸ್ (ಮ್ಯಾಕ್; ಕಾನ್ಫರೆನ್ಸ್ ಅಂದರೆ ಕಾಲೇಜು ತಂಡಗಳ ಲೀಗ್) ತಂಡಗಳು ನವೆಂಬರ್ ಬಂತೆಂದರೆ ಶನಿವಾರ ಬಿಟ್ಟು ಮಂಗಳ-ಬುಧ ರಾತ್ರಿ ಆಡುತ್ತವೆ. ಅದೇ ಮಾದರಿಯಲ್ಲಿ 12 ತಂಡಗಳ ಲೀಗ್‌ಗೆ ಒಂದು ವೇಳಾಪಟ್ಟಿಯನ್ನು ಎಕ್ಸೆಲ್‌ನಲ್ಲಿ ಹಾಕಲು ನೋಡುತ್ತಿದ್ದೇನೆ. ತಲಾ 8 ಲೀಗ್ ಪಂದ್ಯ, 4 ಹೊರಗಿನ ಪಂದ್ಯ, ಕ್ಯಾಲೆಂಡರ್ 2024ರದ್ದು. ಮೂರು ಕಡೆ ಸಿಕ್ಕಿಹಾಕಿಕೊಳ್ಳುತ್ತಿದೆ.

ಶನಿವಾರ ಆಡಿದ ತಂಡ ಮಂಗಳವಾರ ಆಡಬೇಕೆಂದರೆ ಮೂರೇ ದಿನ, ಅದು ಆಗದ ಮಾತು. ಒಂದು ವಾರ ಬಿಟ್ಟರೆ ಒಟ್ಟು 12 ಪಂದ್ಯ ಕೂರುವುದೇ ಇಲ್ಲ ಅನ್ನಿಸುತ್ತದೆ. ಬುಧವಾರ ಆಡಿದ ತಂಡಕ್ಕೆ ಮುಂದಿನ ಮಂಗಳವಾರ ಪಂದ್ಯ ಬಿದ್ದರೆ 6 ದಿನ, ಎದುರಾಳಿಗೆ 10 ದಿನ. ಇದನ್ನು ಅವರು ಹೇಗೆ ಸರಿದೂಗಿಸುತ್ತಾರೆ? ಕೊನೆಯದು: ಇಷ್ಟೆಲ್ಲ ಕಷ್ಟಪಟ್ಟು ಮಂಗಳವಾರವೇ ಯಾಕೆ? ಗುರುವಾರ, ಶುಕ್ರವಾರ ಖಾಲಿ ಇರಲ್ಲವೇ?

---

ತಾರೀಖು_ಗುಮಾಸ್ತ:

ಆಗಸ್ಟ್‌ನಿಂದ ಶುರು ಮಾಡಿದ್ದೀರಿ, ಅದಕ್ಕೇ ಸಿಕ್ಕಿಹಾಕಿಕೊಂಡಿದ್ದೀರಿ. ಇದನ್ನು ಹಿಂದಿನಿಂದ ಕಟ್ಟಬೇಕು. ಮ್ಯಾಕ್ ಫೈನಲ್ ಡಿಸೆಂಬರ್ ಮೊದಲ ವಾರಾಂತ್ಯದಲ್ಲಿ, ಡೆಟ್ರಾಯಿಟ್‌ನ ಫೋರ್ಡ್ ಫೀಲ್ಡ್‌ನಲ್ಲಿ ನಡೆಯುತ್ತೆ. 2024ಕ್ಕೆ ಅದು ಡಿಸೆಂಬರ್ 7. ಅಲ್ಲಿಂದ ಹಿಂದಕ್ಕೆ ಬನ್ನಿ.

ಥ್ಯಾಂಕ್ಸ್‌ಗಿವಿಂಗ್ (ಅಲ್ಲಿನ ಹಬ್ಬದ ರಜೆ) ನವೆಂಬರ್ 28. ಆ ವಾರ ಒಂದು ಸ್ಲಾಟ್ (26ರ ಮಂಗಳವಾರ, 29ರ ಶುಕ್ರವಾರ ಅಥವಾ 30ರ ಶನಿವಾರ). ಅದಕ್ಕೂ ಮುಂಚೆ 19/20, 12/13, 5/6, ಹೀಗೆ ಮೂರು ವಾರನಡು ಸ್ಲಾಟ್. ಒಟ್ಟು ನಾಲ್ಕು. ಆಗಸ್ಟ್ 31ರಿಂದ ಅಕ್ಟೋಬರ್ 26ರವರೆಗೆ 9 ಶನಿವಾರ. 9 + 4 = 13 ಸ್ಲಾಟ್, 12 ಪಂದ್ಯ, ಒಂದು ರಜೆ ವಾರ. ಅಂದರೆ ನವೆಂಬರ್ 2ರ ಶನಿವಾರ ಖಾಲಿ ಬಿಟ್ಟರೂ ಪಂದ್ಯ ಕೂರುತ್ತವೆ. ಅಕ್ಟೋಬರ್ 26ರಿಂದ ನವೆಂಬರ್ 5ಕ್ಕೆ 10 ದಿನ. ನಿಮ್ಮ ಮೊದಲ ತೊಡಕು ಇಲ್ಲಿಗೇ ಮುಗೀತು.

ಆದರೆ 2022, 2023ರಂಥ ವರ್ಷಗಳಲ್ಲಿ ಸೀಸನ್ ಶುರುವಿನಿಂದ ಥ್ಯಾಂಕ್ಸ್‌ಗಿವಿಂಗ್ ವಾರದವರೆಗೆ ಶನಿವಾರಗಳು 14 ಅಲ್ಲ, 13. ಆಗ 8 + 4 = 12, ಬೇರೆ ರಜೆ ವಾರವೇ ಸಿಗಲ್ಲ. ಶನಿವಾರದಿಂದ ಮಂಗಳವಾರಕ್ಕೆ ದಾಟುವಾಗ ಸಿಗುವ ಆ 10 ದಿನವೇ ರಜೆ. ಕೋಚ್‌ಗಳು ಗೊಣಗೋದು ಇಂಥ ವರ್ಷ. ಸೆಪ್ಟೆಂಬರ್‌ನಲ್ಲಿ ಮಂಡಿ ತಿರುಚಿಕೊಂಡ ಹುಡುಗನಿಗೆ ಅಕ್ಟೋಬರ್ ಕೊನೆಯವರೆಗೆ ಒಂದು ವಾರವೂ ಬಿಡುವು ಇರಲ್ಲ.

ಈಗ ವಿಶ್ರಾಂತಿಯ ಸಮತೋಲನ. ಮೊದಲು ತಂಡಗಳನ್ನು ಎರಡು ಗುಂಪು ಮಾಡಿ. 'ಅ' ಗುಂಪಿನ 6 ತಂಡ ನವೆಂಬರ್ 2ರಂದು ಸುಮ್ಮನಿದ್ದು 5/6ರಂದು ಆಡಲಿ. 'ಆ' ಗುಂಪಿನ 6 ತಂಡ ನವೆಂಬರ್ 2ರ ಶನಿವಾರ ಆಡಿ 5/6ರಂದು ಸುಮ್ಮನಿರಲಿ. ಇದರಿಂದ ಚಾನೆಲ್‌ಗೂ ಅನುಕೂಲ, ಒಂದೇ ವಾರ ಆರು ಪಂದ್ಯಕ್ಕೆ ಜಾಗ ಹುಡುಕುವ ಬದಲು ಮೂರಕ್ಕೆ ಹುಡುಕಿದರೆ ಸಾಕು.

5/6ರಲ್ಲಿ ಎರಡು ಪಂದ್ಯ ಮಂಗಳವಾರ, ಒಂದು ಬುಧವಾರ ಇಟ್ಟಿರಿ ಅನ್ನಿ. ಮಂಗಳವಾರ ಆಡಿದ ನಾಲ್ಕು 'ಅ' ತಂಡಗಳಲ್ಲಿ ಪಂದ್ಯಕ್ಕೊಂದರಂತೆ ಎರಡು 12ರ ಮಂಗಳವಾರಕ್ಕೇ ಹೋಗಲಿ, ಉಳಿದೆರಡು 13ಕ್ಕೆ ಹೋಗಿ ಬುಧವಾರ ಆಡಿದ ಎರಡರ ಎದುರು ಆಡಲಿ, ಇಲ್ಲದಿದ್ದರೆ ಬುಧವಾರದ ಜೋಡಿಯೇ ಮತ್ತೆ ಎದುರಾಗುತ್ತೆ. ಎಲ್ಲರಿಗೂ 7 ಅಥವಾ 8 ದಿನ. ಉಳಿದ ಜಾಗವನ್ನು 'ಆ' ತಂಡಗಳಿಂದ ತುಂಬಿ: 12ಕ್ಕೆ ನಾಲ್ಕು, 13ಕ್ಕೆ ಎರಡು. ಇವರಿಗೆ 10 ಅಥವಾ 11 ದಿನ ಸಿಕ್ಕಿರುತ್ತೆ. ಹಾಗಾಗಿ ಆ ವಾರ 'ಅ'ಗೆ 'ಅ', 'ಆ'ಗೆ 'ಆ' ಜೋಡಿ ಮಾತ್ರ. ಮಂಗಳವಾರ ಅ-ಅ, ಆ-ಆ, ಆ-ಆ. ಬುಧವಾರ ಅ-ಅ, ಅ-ಅ, ಆ-ಆ. ಲೆಕ್ಕ ಸರಿಯಾಗಿ ಕೂರುತ್ತೆ, ಹಾಳೆ ಮೇಲೆ ಹಾಕಿ ನೋಡಿ.

19/20ಕ್ಕೆ ಗುಂಪಿನ ಗೊಡವೆ ಬೇಡ. 12ರಂದು ಆಡಿದ ಆರು ತಂಡ 19ಕ್ಕೆ, 13ರಂದು ಆಡಿದ ಆರು 20ಕ್ಕೆ. ಒಳಗೊಳಗೇ ಜೋಡಿ ಬದಲಿಸಿ. ಬುಧವಾರದಿಂದ ಮಂಗಳವಾರಕ್ಕೆ ದಾಟಿಸಲೇಬೇಕಾದರೆ ಎದುರಾಳಿಯೂ ಬುಧವಾರ ಆಡಿದವರೇ ಆಗಿರಲಿ, 6ಕ್ಕೆ 6. ಒಬ್ಬರಿಗೆ 6, ಇನ್ನೊಬ್ಬರಿಗೆ 7 ಆದರೆ ಆಕಾಶ ಕಳಚಿ ಬೀಳಲ್ಲ, ಆದರೆ 6ಕ್ಕೆ 10 ಬಿದ್ದರೆ ಪಟ್ಟಿ ಪ್ರಕಟವಾದ ದಿನವೇ ಫೋನ್ ಬರುತ್ತೆ.

ಎಲ್ಲರೂ ಎಡವುವ ಜಾಗ ಕೊನೇ ವಾರ. 26ರ ಮಂಗಳವಾರ ಮುಗಿಸಿದ ತಂಡ ಫೈನಲ್‌ಗೆ ಬಂದರೆ ಅದಕ್ಕೆ 11 ದಿನ, 30ರ ಶನಿವಾರ ಮುಗಿಸಿದ ತಂಡಕ್ಕೆ 7. ಯಾರು ಫೈನಲ್‌ಗೆ ಬರ್ತಾರೆ ಅಂತ ಪಟ್ಟಿ ಮಾಡುವಾಗ ಗೊತ್ತಿರಲ್ಲ. ಆದ್ದರಿಂದ ಕೊನೇ ವಾರದ ಪಂದ್ಯಗಳಲ್ಲಿ ಆದಷ್ಟನ್ನು ಶುಕ್ರ-ಶನಿಗೆ ಹಾಕಿ, ಮಂಗಳವಾರಕ್ಕೆ ಒಂದೋ ಎರಡೋ ಬಿಡಿ.

---

ಡಿಕಾಲ್ಬ್_ದಾರಿ:

'ಮಂಗಳವಾರವೇ ಯಾಕೆ' ಎಂಬುದಕ್ಕೆ ಉತ್ತರ ಕ್ಯಾಲೆಂಡರ್‌ನಲ್ಲಿ ಅರ್ಧ ಇದೆ, ಕಾನೂನಿನಲ್ಲಿ ಅರ್ಧ ಇದೆ.

1961ರ ಕ್ರೀಡಾ ಪ್ರಸಾರ ಕಾಯ್ದೆ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ಗೆ ಎಲ್ಲ ತಂಡಗಳ ಟಿವಿ ಹಕ್ಕನ್ನು ಒಟ್ಟಿಗೆ ಮಾರುವ ವಿನಾಯಿತಿ ಕೊಟ್ಟಿತು, ಜೊತೆಗೆ ಒಂದು ಷರತ್ತು ಹಾಕಿತು. ಸೆಪ್ಟೆಂಬರ್‌ನ ಎರಡನೇ ಶುಕ್ರವಾರದಿಂದ ಡಿಸೆಂಬರ್‌ನ ಎರಡನೇ ಶನಿವಾರದವರೆಗೆ, ಶುಕ್ರವಾರ ಸಂಜೆ 6ರ ನಂತರ ಮತ್ತು ಶನಿವಾರ ಇಡೀ ದಿನ, ಕಾಲೇಜು ಅಥವಾ ಹೈಸ್ಕೂಲ್ ಪಂದ್ಯ ನಡೆಯುವ ಜಾಗದಿಂದ 75 ಮೈಲಿ ಒಳಗಿನ ಕೇಂದ್ರಗಳಿಂದ ಪ್ರಸಾರ ಮಾಡಿದರೆ ಆ ವಿನಾಯಿತಿ ಇಲ್ಲ. ದೇಶದ ಯಾವ ಮೂಲೆಯಲ್ಲಿ ನೋಡಿದರೂ 75 ಮೈಲಿಯೊಳಗೆ ಒಂದು ಹೈಸ್ಕೂಲ್ ಮೈದಾನ ಇದ್ದೇ ಇರುತ್ತದೆ. ಹಾಗಾಗಿ ಎನ್‌ಎಫ್‌ಎಲ್‌ ಉಳಿದ ದಿನಗಳಿಗೆ ಹೋಯಿತು: ಭಾನುವಾರ, ಸೋಮವಾರ ರಾತ್ರಿ, 2006ರಿಂದ ಗುರುವಾರ ರಾತ್ರಿ. 2023ರಲ್ಲಿ ಶುರುವಾದ ಥ್ಯಾಂಕ್ಸ್‌ಗಿವಿಂಗ್ ಮರುದಿನದ ಪಂದ್ಯವನ್ನು ಮಧ್ಯಾಹ್ನ 3ಕ್ಕೆ ಇಟ್ಟದ್ದರ ಹಿಂದೆಯೂ ಈ 6 ಗಂಟೆಯ ಗೆರೆ ಇದೆ.

ಕಾಲೇಜುಗಳಿಗೆ ಶುಕ್ರವಾರ ಕಾನೂನಿನ ಅಡ್ಡಿಯಿಲ್ಲ, ಊರಿನ ಅಡ್ಡಿಯಿದೆ. ಒಹಾಯೊ, ಮಿಶಿಗನ್, ಟೆಕ್ಸಾಸ್‌ಗಳಲ್ಲಿ ಶುಕ್ರವಾರ ರಾತ್ರಿ ಹೈಸ್ಕೂಲ್ ಫುಟ್‌ಬಾಲ್‌ಗೆ ಮೀಸಲು. 2017ರಲ್ಲಿ ಬಿಗ್ ಟೆನ್ ಎಂಬ ದೊಡ್ಡ ಕಾನ್ಫರೆನ್ಸ್ ಕೆಲವು ಪಂದ್ಯಗಳನ್ನು ಶುಕ್ರವಾರಕ್ಕೆ ತಂದಾಗ ಹೈಸ್ಕೂಲ್ ಕೋಚ್‌ಗಳ ಸಂಘಗಳು ಬಹಿರಂಗವಾಗಿ ವಿರೋಧಿಸಿದವು. ನಾಳೆ ನಿಮ್ಮ ತಂಡಕ್ಕೆ ಹುಡುಗರನ್ನು ಕಳುಹಿಸಬೇಕಾದವರು ಅದೇ ಕೋಚ್‌ಗಳು. ಅವರ ಜೊತೆ ಜಗಳ ಯಾರಿಗೂ ಬೇಡ.

ಗುರುವಾರ ಹಿಂದೆ ಕಾಲೇಜು ಫುಟ್‌ಬಾಲ್‌ನ ಒಳ್ಳೆಯ ಸ್ಲಾಟ್ ಆಗಿತ್ತು. ಲೂಯಿವಿಲ್ ಮಾದರಿ ಅಲ್ಲಿಯದೇ. ಆ ವಿಶ್ವವಿದ್ಯಾಲಯ ಕಾನ್ಫರೆನ್ಸ್ ಯುಎಸ್‌ಎಯಲ್ಲಿ ಇದ್ದಾಗ ಇಎಸ್‌ಪಿಎನ್ ಹೇಳಿದ ದಿನ ಆಡಲು ಒಪ್ಪಿಕೊಂಡು ಹೆಸರು ಮಾಡಿತು. ಅದಕ್ಕಿಂತ ದೊಡ್ಡ ಕಾನ್ಫರೆನ್ಸ್‌ಗಳಿಗೆ, ಅಂದರೆ 2005ರಲ್ಲಿ ಬಿಗ್ ಈಸ್ಟ್‌ಗೆ, 2014ರಲ್ಲಿ ಎಸಿಸಿಗೆ ಏರಿತು. 2006ರ ನವೆಂಬರ್‌ನಲ್ಲಿ ಎರಡು ಗುರುವಾರ ಬೆನ್ನುಬೆನ್ನಿಗೆ, ವೆಸ್ಟ್ ವರ್ಜೀನಿಯಾ ಮೇಲೆ 44-34 ಗೆಲುವು, ರಟ್ಗರ್ಸ್ ಎದುರು 28-25 ಸೋಲು. ಎರಡನ್ನೂ ದೇಶವೇ ನೋಡಿತು, ಯಾಕೆಂದರೆ ಆ ರಾತ್ರಿ ನೋಡಲು ಬೇರೆ ದೊಡ್ಡ ಫುಟ್‌ಬಾಲ್ ಇರಲಿಲ್ಲ. 2012ರಿಂದ ಎನ್‌ಎಫ್‌ಎಲ್‌ ಗುರುವಾರದ ಪಂದ್ಯಗಳನ್ನು ಬಹುತೇಕ ಇಡೀ ಸೀಸನ್‌ಗೆ ಹರಡಿತು. ಆಮೇಲೆ ಸಣ್ಣ ಕಾನ್ಫರೆನ್ಸ್‌ಗಳಿಗೆ ಗುರುವಾರದ ಬೆಲೆ ಇಳಿಯಿತು. ಉಳಿದದ್ದು ಮಂಗಳವಾರ ಮತ್ತು ಬುಧವಾರ.

ಈ ಪದ್ಧತಿಗೆ ಬೇರು 1984ರಲ್ಲಿದೆ. ಅದಕ್ಕೂ ಮುಂಚೆ ಯಾವ ಕಾಲೇಜು ಎಷ್ಟು ಸಲ ಟಿವಿಯಲ್ಲಿ ಬರಬೇಕು ಎಂಬುದನ್ನು ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ನಿಗದಿ ಮಾಡುತ್ತಿತ್ತು. ಒಕ್ಲಹೋಮ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 7-2ರಲ್ಲಿ ಆ ಹಿಡಿತವನ್ನು ಬಿಡಿಸಿತು. ಆಮೇಲೆ ಶನಿವಾರದಲ್ಲಿ ಪಂದ್ಯಗಳು ತುಂಬಿ ತುಳುಕಿದವು. ಶನಿವಾರ ಮಧ್ಯಾಹ್ನ ಒಹಾಯೊ ಸ್ಟೇಟ್ ಆಡುವಾಗ ಬೌಲಿಂಗ್ ಗ್ರೀನ್ ಪಂದ್ಯ ಹಾಕಿದರೆ ಬೌಲಿಂಗ್ ಗ್ರೀನ್ ಊರಿನವರೇ ಒಹಾಯೊ ಸ್ಟೇಟ್ ನೋಡುತ್ತಾರೆ. ಈಸ್ಟರ್ನ್ ಮಿಶಿಗನ್‌ನ ಮೈದಾನವಂತೂ ಆ್ಯನ್ ಆರ್ಬರ್‌ನ ಮಿಶಿಗನ್ ಸ್ಟೇಡಿಯಂನಿಂದ ಹತ್ತು ಮೈಲಿ ದೂರವೂ ಇಲ್ಲ.

ಒಂದು ಎಚ್ಚರಿಕೆ: ಮಂಗಳವಾರವೂ ಪೂರ್ತಿ ಖಾಲಿಯಲ್ಲ. ನವೆಂಬರ್ ಮೊದಲ ವಾರ ಕಾಲೇಜು ಬಾಸ್ಕೆಟ್‌ಬಾಲ್ ಶುರುವಾಗುತ್ತದೆ. ಕಾಲೇಜು ಫುಟ್‌ಬಾಲ್ ಪ್ಲೇಆಫ್‌ನ ರ‍್ಯಾಂಕಿಂಗ್ ಪ್ರಕಟಿಸುವ ಟಿವಿ ಕಾರ್ಯಕ್ರಮವೂ ಮಂಗಳವಾರ ಸಂಜೆಯೇ. ಆ ರಾತ್ರಿ ಇಎಸ್‌ಪಿಎನ್‌ನ ಮುಖ್ಯ ಚಾನೆಲ್ ಅವುಗಳ ಪಾಲಾದರೆ ಫುಟ್‌ಬಾಲ್ ಇಎಸ್‌ಪಿಎನ್ 2 ಅಥವಾ ಇಎಸ್‌ಪಿಎನ್ ಯು ಚಾನೆಲ್‌ಗೆ ಜಾರುತ್ತದೆ. ಕೆಲವು ಪಂದ್ಯ ಸಿಬಿಎಸ್ ಸ್ಪೋರ್ಟ್ಸ್ ನೆಟ್‌ವರ್ಕ್‌ಗೆ ಹೋಗುತ್ತವೆ.

---

ಸೈಡ್‌ಲೈನ್_ಸಾಮಾನು:

ಮೇಲಿನವರು ಚಾನೆಲ್ ಕಡೆಯಿಂದ ಹೇಳಿದರು. ತಂಡ ನಡೆಸುವವರ ಕಡೆಯಿಂದ ನಾಲ್ಕು ಮಾತು.

ವಾರವನ್ನು ಮೂರು ದಿನ ಮುಂದಕ್ಕೆ ತಳ್ಳಿ. ಪಂದ್ಯದ ಮಂಗಳವಾರವನ್ನು ಶನಿವಾರ ಅಂದುಕೊಂಡರೆ ಶುಕ್ರವಾರ ನಿಮ್ಮ 'ಮಂಗಳವಾರ', ಶನಿವಾರ 'ಬುಧವಾರ'. ಪ್ಯಾಡ್ ಹಾಕಿ ಗಟ್ಟಿಯಾಗಿ ತಾಲೀಮು ಮಾಡೋದು ಆ ಎರಡು ದಿನ. ಭಾನುವಾರ ಹಗುರ, ಸೋಮವಾರ ಬರೀ ನಡೆದು ನೋಡೋದು ಮತ್ತು ಪ್ರಯಾಣ. ಮಂಗಳವಾರದಿಂದ ಮಂಗಳವಾರಕ್ಕೆ ಆಡುವಾಗ ಬುಧವಾರ ವಿಡಿಯೊ ಮತ್ತು ಚಿಕಿತ್ಸೆ, ಗುರುವಾರ ಪೂರ್ತಿ ರಜೆ. ವಾರಕ್ಕೊಂದು ದಿನ ಬಿಡಲೇಬೇಕು, 20 ಗಂಟೆಗಿಂತ ಹೆಚ್ಚು ತಾಲೀಮು ಇಲ್ಲ, ದಿನಕ್ಕೆ 4 ಗಂಟೆ ಮಿತಿ. ಇವು ಎನ್‌ಸಿಎಎ ನಿಯಮ, ಪಂದ್ಯ ಯಾವ ದಿನ ಬಿದ್ದರೂ ಬದಲಾಗಲ್ಲ. 6 ದಿನದ ವಾರ ಬಂದರೆ ಕಳೆದುಹೋಗೋದು ಗಟ್ಟಿ ತಾಲೀಮಿನ ಒಂದು ದಿನ. ಆ ವಾರ ಹೊಸ ಆಟದ ತಂತ್ರ ಕಲಿಸಲು ಹೋಗಬೇಡಿ, ಇರುವುದನ್ನೇ ಚಿಕ್ಕದು ಮಾಡಿ.

ಸಮಯದ ಲೆಕ್ಕ: ಟಿವಿ ಪಂದ್ಯ ಅಂದರೆ ಮೂರೂಕಾಲರಿಂದ ಮೂರೂವರೆ ಗಂಟೆ. ರಾತ್ರಿ 8ಕ್ಕೆ ಕಿಕ್‌ಆಫ್ ಆದರೆ ಮುಗಿಯೋದು 11:30. ಸ್ನಾನ, ಊಟದ ಪೊಟ್ಟಣ, ಟ್ರಕ್‌ಗೆ ಸಾಮಾನು ತುಂಬೋದು, ಬಸ್ ಹೊರಡೋದು ಒಂದು ಗಂಟೆ ಹತ್ತಿರ. ಒಹಾಯೊದ ಅಥೆನ್ಸ್‌ನಿಂದ ಮಿಶಿಗನ್‌ನ ಮೌಂಟ್ ಪ್ಲೆಸೆಂಟ್‌ಗೆ ಆರು ಗಂಟೆಗೂ ಹೆಚ್ಚು. ಬುಧವಾರ ಬೆಳಗಿನ ಕ್ಲಾಸ್ ಕೈಬಿಟ್ಟ ಹಾಗೇ. ವೇಳಾಪಟ್ಟಿ ಮಾಡುವವರಿಗೆ ಕೇಳಬೇಕಾದ್ದು ಇಷ್ಟೇ: ದೂರದ ಬಸ್ ಪ್ರಯಾಣ ಇರುವ ಪಂದ್ಯಕ್ಕೆ 7 ಗಂಟೆ ಸ್ಲಾಟ್, ಟೊಲೀಡೊ-ಬೌಲಿಂಗ್ ಗ್ರೀನ್ ಥರ ಅರ್ಧ ಗಂಟೆ ದಾರಿಯ ಪಂದ್ಯಕ್ಕೆ 8 ಗಂಟೆ ಸ್ಲಾಟ್. ಮತ್ತೆ ಮೂರು ವಾರದಲ್ಲಿ ಎರಡು ದೂರದ ಪ್ರಯಾಣ ಒಂದೇ ತಂಡದ ಪಾಲಿಗೆ ಬೀಳದ ಹಾಗೆ ನೋಡಿ.

ಮನೆ ಮೈದಾನದಲ್ಲಿ ದೊಡ್ಡ ತಲೆನೋವು ಪಾರ್ಕಿಂಗ್. ಶನಿವಾರ ಕ್ಯಾಂಪಸ್ ಖಾಲಿ, ಮಂಗಳವಾರ ಅದೇ ಜಾಗದಲ್ಲಿ ಸಿಬ್ಬಂದಿ, ದಿನಾ ಬಂದುಹೋಗುವ ವಿದ್ಯಾರ್ಥಿಗಳ ಕಾರು. ಮಧ್ಯಾಹ್ನ 3ರೊಳಗೆ ತೆರವು ಮಾಡಿಸದಿದ್ದರೆ ಟಿಕೆಟ್ ಕೊಂಡವರಿಗೆ ಜಾಗ ಇಲ್ಲ. ಸೆಮಿಸ್ಟರ್ ಶುರುವಿನಲ್ಲೇ ನೋಟಿಸ್ ಹಾಕಿ, ಸಂಜೆ ಕ್ಲಾಸ್‌ಗಳನ್ನು ಆ ದಿನ ಆನ್‌ಲೈನ್‌ಗೆ ಹಾಕಲು ಡೀನ್ ಕಚೇರಿಯನ್ನು ಕೇಳಿ. ಟಿವಿ ವ್ಯಾನ್‌ಗಳು ಹಿಂದಿನ ದಿನವೇ ಬಂದು ಕೇಬಲ್ ಎಳೆಯುತ್ತವೆ, ಅವಕ್ಕೆ ಬೇಕಾದ ಜಾಗವನ್ನು ಈ ಲೆಕ್ಕದಲ್ಲಿ ಮರೆಯಬೇಡಿ.

ಹೊಸ ಆಟಗಾರರನ್ನು ಸೆಳೆಯುವ ವಿಷಯದಲ್ಲಿ ಲಾಭವೂ ಇದೆ, ನಷ್ಟವೂ ಇದೆ. ಶುಕ್ರವಾರ ರಾತ್ರಿ ಸಹಾಯಕ ಕೋಚ್‌ಗಳು ಹೈಸ್ಕೂಲ್ ಪಂದ್ಯ ನೋಡಲು ಹೋಗಬಹುದು. ಆದರೆ ಹೈಸ್ಕೂಲ್ ಹುಡುಗ ಮಂಗಳವಾರ ರಾತ್ರಿ ನಿಮ್ಮ ಮೈದಾನಕ್ಕೆ ಬರಲಾರ, ಮರುದಿನ ಅವನಿಗೆ ಶಾಲೆ. ಬಂದರೂ ಅರ್ಧ ಖಾಲಿ ಗ್ಯಾಲರಿ ನೋಡಿ ಹೋಗುತ್ತಾನೆ. ಮನೆಯಲ್ಲಿ ಆಡುವ ಒಂದೆರಡು ಒಳ್ಳೆಯ ಪಂದ್ಯವನ್ನು ಸೆಪ್ಟೆಂಬರ್-ಅಕ್ಟೋಬರ್ ಶನಿವಾರಕ್ಕೆ ಉಳಿಸಿಕೊಳ್ಳಿ ಅನ್ನೋದು ಅದಕ್ಕೇ.

ಹವಾಮಾನದಲ್ಲಿ ತಪ್ಪಿಸಿಕೊಳ್ಳುವ ದಾರಿ ಕಮ್ಮಿ. 2014ರ ನವೆಂಬರ್ 19ರ ಬುಧವಾರ ಬಫಲೊದಲ್ಲಿ ಕೆಂಟ್ ಸ್ಟೇಟ್ ಜೊತೆ ಪಂದ್ಯ ಇತ್ತು. ಎರೀ ಸರೋವರದ ಹಿಮಪಾತಕ್ಕೆ ಊರೇ ಮುಚ್ಚಿಹೋಯಿತು, ಪಂದ್ಯ ರದ್ದಾಯಿತು. ಮುಂದೂಡಲು ಹೋದರೆ ಮುಂದಿನ ಪಂದ್ಯದ ವಿಶ್ರಾಂತಿ ಕತ್ತರಿಸಬೇಕು. ವಾರನಡು ಪಟ್ಟಿಯಲ್ಲಿ ಪಂದ್ಯಗಳು ಅಷ್ಟು ಒತ್ತೊತ್ತಾಗಿರುತ್ತವೆ. ಆದ್ದರಿಂದ ಬಫಲೊ ಥರದ ಊರಿನ ಮನೆ ಪಂದ್ಯಗಳನ್ನು ಆದಷ್ಟು 5/6ರ ಸ್ಲಾಟ್‌ಗೆ ಹಾಕಿ, 19/20ಕ್ಕೆ ಅವರನ್ನು ಹೊರಗೆ ಕಳಿಸಿ.

---

ಗೇಟ್_ಕಲೆಕ್ಷನ್:

'ಪ್ರಚಾರ ಸಿಗುತ್ತೆ' ಅಂತ ಎಲ್ಲರೂ ಹೇಳ್ತಾರೆ. ದುಡ್ಡಿನ ಲೆಕ್ಕ ಯಾರೂ ಬಿಚ್ಚಲ್ಲ.

ಮ್ಯಾಕ್-ಇಎಸ್‌ಪಿಎನ್ ಒಪ್ಪಂದ 2014ರದ್ದು, 2026-27ರವರೆಗೆ, 13 ವರ್ಷಕ್ಕೆ 10 ಕೋಟಿ ಡಾಲರ್‌ಗೂ ಹೆಚ್ಚು ಅಂತ ಆಗ ಪತ್ರಿಕೆಗಳಲ್ಲಿ ಬಂದಿತ್ತು. 80 ಲಕ್ಷ ಡಾಲರ್ ವರ್ಷಕ್ಕೆ ಅಂತ ಹಿಡಿದು 12ರಿಂದ ಭಾಗಿಸಿ, ತಂಡಕ್ಕೆ ಏಳು ಲಕ್ಷವೂ ಇಲ್ಲ. 2024ರ ಸೆಪ್ಟೆಂಬರ್ 7ರಂದು ನಾರ್ದರ್ನ್ ಇಲಿನಾಯ್ ನೋಟರ್ ಡೇಮ್‌ಗೆ ಹೋಗಿ 16-14ರಲ್ಲಿ ಗೆದ್ದು ಬಂತಲ್ಲ, ಆ ಒಂದು ಪಂದ್ಯಕ್ಕೆ ಆತಿಥೇಯರಿಂದ ಬಂದದ್ದು 14 ಲಕ್ಷ ಡಾಲರ್. ಅಂದರೆ ಎರಡು ವರ್ಷದ ಟಿವಿ ಪಾಲು ಒಂದು ಮಧ್ಯಾಹ್ನದಲ್ಲಿ, ಜೊತೆಗೆ ಗೆಲುವು.

ಮಂಗಳವಾರ ಆಡುವುದರಿಂದ ಹೋಗುವುದೇನು? ಸೀಸನ್ ಟಿಕೆಟ್ ಮಾರುವವರನ್ನು ಕೇಳಿ. ಮನೆಯ ಆರು ಪಂದ್ಯದಲ್ಲಿ ಎರಡು ಕೊರೆಯುವ ಚಳಿಯಲ್ಲಿ, ಕೆಲಸದ ದಿನ ರಾತ್ರಿ ಅಂದರೆ ದೂರದೂರಿನ ಹಳೆ ವಿದ್ಯಾರ್ಥಿ ಇಡೀ ಪ್ಯಾಕೇಜ್ ಕೊಳ್ಳಲ್ಲ, ಬಿಡಿ ಟಿಕೆಟ್ ಕೊಳ್ತಾನೆ. ಪಂದ್ಯಕ್ಕೆ 4 ಸಾವಿರ ಜನ ಕಮ್ಮಿ ಬಂದರು, ತಲೆಗೆ ಟಿಕೆಟ್-ಪಾರ್ಕಿಂಗ್-ತಿಂಡಿ ಸೇರಿ 30 ಡಾಲರ್ ಅಂತ ಊಹೆಗೆ ಹಾಕಿ: ಎರಡು ಪಂದ್ಯಕ್ಕೆ 2 ಲಕ್ಷ 40 ಸಾವಿರ. ಟಿವಿ ಪಾಲಿನ ಮೂರನೇ ಒಂದು ಭಾಗ ಅಲ್ಲಿಗೇ ಹೋಯಿತು. ನಿಮ್ಮ ತಂಡದ ಅಂಕಿ ಹಾಕಿಕೊಂಡು ನೋಡಿ.

ಪ್ರಚಾರ ಸುಳ್ಳು ಅಂತಲೂ ಹೇಳಲ್ಲ. 2011ರ ನವೆಂಬರ್ 1ರ ಮಂಗಳವಾರ ನಾರ್ದರ್ನ್ ಇಲಿನಾಯ್ 63, ಟೊಲೀಡೊ 60. ಶನಿವಾರ ಮಧ್ಯಾಹ್ನ ಆಡಿದ್ದರೆ ಆ ಸ್ಕೋರ್ ಯಾರಿಗೆ ನೆನಪಿರ್ತಿತ್ತು? ಆದರೆ 2016ರಲ್ಲಿ ವೆಸ್ಟರ್ನ್ ಮಿಶಿಗನ್ 13-0 ಹೋದಾಗ ಇಎಸ್‌ಪಿಎನ್‌ನ ಕಾಲೇಜ್ ಗೇಮ್‌ಡೇ ಕಾರ್ಯಕ್ರಮ ಅವರ ಊರಾದ ಕಲಮಜೂಗೆ ಬಂದದ್ದು ನವೆಂಬರ್ 19ಕ್ಕೆ, ಬಫಲೊ ಎದುರಿನ ಪಂದ್ಯಕ್ಕೆ. ಅದು ಶನಿವಾರ. ನಿಜವಾದ ದೊಡ್ಡ ಪ್ರಚಾರ ಬರುವಾಗ ಶನಿವಾರವೇ ಬರುತ್ತೆ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ನವೆಂಬರ್ ಮಧ್ಯೆ ಒಂದು ಶನಿವಾರ ಪಂದ್ಯಕ್ಕಾದರೂ ಜಾಗ ಇಡಿ.

---

ಕೊನೇ_ಸಾಲು:

ಎಲ್ಲರಿಗೂ ಥ್ಯಾಂಕ್ಸ್. ಅ-ಆ ಗುಂಪಿನ ಲೆಕ್ಕ ಕೂತಿತು. ಎರಡು ಸಂದೇಹ ಉಳಿದಿವೆ. 2025ರ ಹಾಗೆ ಯುಮಾಸ್ (ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯ) ಸೇರಿ 13 ತಂಡ ಆದರೆ? ಮತ್ತೆ, ಚಳಿಯೇ ಸಮಸ್ಯೆ ಆದರೆ ಇದನ್ನೆಲ್ಲ ಅಕ್ಟೋಬರ್‌ನಲ್ಲೇ ಯಾಕೆ ಮಾಡಬಾರದು?

---

ತಾರೀಖು_ಗುಮಾಸ್ತ:

13 ಆದರೆ ಪ್ರತಿ ಸುತ್ತಿನಲ್ಲೂ ಒಬ್ಬರು ಜೋಡಿಯಿಲ್ಲದೆ ಉಳಿಯುತ್ತಾರೆ. ಒಟ್ಟು ಲೀಗ್ ಪಂದ್ಯ 48ರಿಂದ 52 ಆಗುತ್ತೆ. ವಾರನಡು ಸುತ್ತಿನಲ್ಲಿ ಹೊರಗುಳಿದ ತಂಡಕ್ಕೆ 14 ದಿನ ವಿಶ್ರಾಂತಿ ಬಿದ್ದುಬಿಡುತ್ತೆ, ಎದುರಾಳಿಗೆ 7. ಅದನ್ನು ತಪ್ಪಿಸೋಕೆ ಆ ತಂಡಕ್ಕೆ ಆ ವಾರದ ಶನಿವಾರ ಹೊರಗಿನ ಪಂದ್ಯ ಹಾಕಬೇಡಿ. ಶನಿವಾರ ಆಡಿ ಮುಂದಿನ ಬುಧವಾರಕ್ಕೆ 4 ದಿನ ಅಂದರೆ ಪಟ್ಟಿ ಮತ್ತೆ ಒಡೆಯುತ್ತೆ. ಬದಲಿಗೆ ಆ ತಂಡವನ್ನು ಕೊನೇ ವಾರಕ್ಕೆ ಹತ್ತಿರ ತಂದು, ಮುಂದಿನ ಪಂದ್ಯವನ್ನು ಶುಕ್ರ-ಶನಿವಾರಕ್ಕೆ ಕೊಡಿ. ಆ ವಾರ ಎದುರಾಳಿಗೂ 9-11 ದಿನ ಇರುತ್ತೆ, ಅಂತರ ಕಮ್ಮಿಯಾಗುತ್ತೆ.

ಅಕ್ಟೋಬರ್ ಪ್ರಯೋಗ ಆಗಲೇ ನಡೀತಿದೆ. ಕಾನ್ಫರೆನ್ಸ್ ಯುಎಸ್‌ಎ 2023ರಿಂದ ಸಿಬಿಎಸ್ ಮತ್ತು ಇಎಸ್‌ಪಿಎನ್ ಜೊತೆಗಿನ ಹೊಸ ಒಪ್ಪಂದದಲ್ಲಿ ಅಕ್ಟೋಬರ್‌ನ ಲೀಗ್ ಪಂದ್ಯಗಳನ್ನು ವಾರದ ನಡುವೆ ಆಡಿಸುತ್ತೆ. ಸನ್ ಬೆಲ್ಟ್ ಕಾನ್ಫರೆನ್ಸ್ ಕೂಡ ಅಕ್ಟೋಬರ್‌ನಲ್ಲಿ ಕೆಲವನ್ನು ಹಾಗೆ ಇಡುತ್ತೆ. 2021ರ ಅಕ್ಟೋಬರ್ 20ರ ಬುಧವಾರ ಆ್ಯಪಲಾಚಿಯನ್ ಸ್ಟೇಟ್ 14ನೇ ರ‍್ಯಾಂಕಿನ ಕೋಸ್ಟಲ್ ಕ್ಯಾರೊಲಿನಾವನ್ನು 30-27ರಲ್ಲಿ ಸೋಲಿಸಿದ್ದು ಅಂಥದ್ದೇ ಸ್ಲಾಟ್‌ನಲ್ಲಿ. ಚಳಿಯಿಲ್ಲ, ಬಾಸ್ಕೆಟ್‌ಬಾಲ್ ಇಲ್ಲ. ಆದರೆ ಬೇಸ್‌ಬಾಲ್ ಪ್ಲೇಆಫ್ ಇದೆ. ಇನ್ನೊಂದು, ಶನಿವಾರದಿಂದ ವಾರನಡುವಿಗೆ ಇಳಿದು ಮತ್ತೆ ಶನಿವಾರಕ್ಕೆ ಹತ್ತಬೇಕು, ಎರಡು ಸಲ ದಾಟಬೇಕು. ಮ್ಯಾಕ್‌ನಲ್ಲಿ ಒಂದೇ ಸಲ, ಆಮೇಲೆ ಸೀಸನ್ನೇ ಮುಗಿಯುತ್ತೆ. ಬಸ್ಸಿನ ಬದಲು ವಿಮಾನವೂ ಬೇಕು: ಎಲ್ ಪಾಸೊದ ಯುಟೆಪ್ ಇದ್ದ ಲೀಗ್‌ನಲ್ಲೇ ಮಯಾಮಿಯ ಎಫ್‌ಐಯು ಕೂಡ ಇತ್ತು.

ಭಾರತದಿಂದ ನೋಡಿ ಪಟ್ಟಿ ಪರೀಕ್ಷಿಸುವವರಿಗೆ: ಅಕ್ಟೋಬರ್‌ನಲ್ಲಿ ಅಲ್ಲಿನ ಪೂರ್ವ ಕರಾವಳಿಯ ಸಂಜೆ 7 ಅಂದರೆ ನಮಗೆ ಮರುದಿನ ಬೆಳಗಿನ ಜಾವ 4:30. ನವೆಂಬರ್ ಮೊದಲ ಭಾನುವಾರ ಅವರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋದ ಮೇಲೆ 5:30. ಎಕ್ಸೆಲ್‌ನಲ್ಲಿ ತಾರೀಖು ಹಾಕುವಾಗ ಅಲ್ಲಿನ ಸಮಯದಲ್ಲೇ ಹಾಕಿ. ಇಲ್ಲಿನ ಸಮಯಕ್ಕೆ ಹಾಕಿದರೆ ಮಂಗಳವಾರದ ಪಂದ್ಯವೆಲ್ಲ ಬುಧವಾರ ಅಂತ ತೋರಿಸುತ್ತೆ, ದಿನದ ಹೆಸರು ನೋಡಿ ಗುಂಪು ಮಾಡುವ ಸೂತ್ರ ಇಟ್ಟಿದ್ದರೆ ಎಲ್ಲ ತಪ್ಪಾಗುತ್ತೆ.